ಹ್ಯಾಂಗ್ ಆದದ್ದು ಹ್ಯಾಂಗ? ಸರ್ವರ್ ಕೆಲಸದ ಕೆಲವು ಪದಗಳ ಬಗ್ಗೆ ಕೇಳುವುದಿದೆ

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಕೊಪ್ಪಳ ಜಿಲ್ಲೆಯ ಗಂಗಾವತಿಯವನು. ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಭಾಷೆ ಓದಿದವನಲ್ಲ. ಆದರೆ ಹೋದ ತಿಂಗಳು ಒಂದೇ ಒಂದು ಪದದ ದೆಸೆಯಿಂದ ಇಡೀ ರಾತ್ರಿ ನಿದ್ದೆ ಕೆಟ್ಟಿತು. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ.

ರಾತ್ರಿ ಎರಡು ಗಂಟೆಗೆ ಫೋನ್ ಬಂತು. ರಾತ್ರಿ ಪಾಳಿಯ ಹುಡುಗ.

"ಸರ, ಸರ್ವರ್ ಹ್ಯಾಂಗ್ ಆಗೇತ್ರಿ."

ನಿದ್ದೆಗಣ್ಣಲ್ಲಿ ಕೇಳಿದೆ: "ಹ್ಯಾಂಗ ಆತಪಾ?"

"ಹೂಂ ರೀ ಸರ, ಹ್ಯಾಂಗ್ ಆತು."

ಬೆಂಗಳೂರು, ಮೈಸೂರು ಕಡೆಯವರಿಗೆ ಹೇಳಬೇಕು: ನಮ್ಮಲ್ಲಿ 'ಹ್ಯಾಂಗ' ಅಂದರೆ 'ಹೇಗೆ'. ನಾನು ಹೇಗೆ ಅಂತ ಕೇಳಿದೆ. ಅವನು ಹೌದು ಅಂತ ಹೇಳಿದ. ಇಬ್ಬರಿಗೂ ಉತ್ತರ ಸಿಕ್ಕಂತಾಯಿತು, ವಿಷಯ ಮಾತ್ರ ತಿಳಿಯಲಿಲ್ಲ. "ರೀಸ್ಟಾರ್ಟ್ ಮಾಡಲೇನ್ರಿ?" ಅಂದ. ಮಾಡು ಅಂದೆ. ಅರ್ಧ ತಾಸಿಗೆ ಮತ್ತೆ ಫೋನ್. ಕೊನೆಗೆ ಬೈಕ್ ಹತ್ತಿ ಹೋದೆ. ನೋಡಿದರೆ ಹ್ಯಾಂಗ್ ಅನ್ನುವಂಥದ್ದು ಏನೂ ಆಗಿರಲಿಲ್ಲ. ಅದು ಏನಾಗಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಆಮೇಲೆ ಲೆಕ್ಕ ಹಾಕಿದೆ. ನಮ್ಮ ಹುಡುಗರು ಡಿಸ್ಕ್ ತುಂಬಿದರೂ ಹ್ಯಾಂಗ್ ಅನ್ನುತ್ತಾರೆ. ಮೆಮೊರಿ ಸಾಲದೆ ಕರ್ನಲ್ (ಲಿನಕ್ಸ್‌ನ ಒಳತಿರುಳು) ತಾನೇ ಒಂದು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮ್, ಕೊಂದು ಹಾಕಿದರೂ ಹ್ಯಾಂಗ್. ಪೋರ್ಟ್ (ಸರ್ವರ್‌ನ ಒಂದೊಂದು ಸರ್ವಿಸ್‌ಗೆ ಹೋಗುವ ಬಾಗಿಲು) ಮುಚ್ಚಿದ್ದರೂ, ನೆಟ್‌ವರ್ಕ್ ಇಲ್ಲದಿದ್ದರೂ ಹ್ಯಾಂಗ್. ಹೊರಗಿನ ಜನರದು ಇನ್ನೊಂದು ತರಹ. ಅವರು 'ಸರ್ವರ್ ಇಲ್ಲ', 'ಸರ್ವರ್ ಬಂದಿಲ್ಲ' ಅನ್ನುತ್ತಾರೆ, ಕರೆಂಟು, ಕಾಲುವೆ ನೀರು ಬಂದಿಲ್ಲ ಅಂದ ಹಾಗೆ. ಅದು ನನಗೆ ಇಷ್ಟ. ಜನರಿಗೆ ಅಷ್ಟೇ ಸಾಕು. ಆದರೆ ರಿಪೇರಿ ಮಾಡುವವನಿಗೆ ಸಾಲದು. ವೈದ್ಯನ ಮುಂದೆ 'ಮೈಯಾಗ ಆರಾಮಿಲ್ರಿ' ಅಂದು ಸುಮ್ನೆ ಕೂತರೆ ಏನು ಮದ್ದು ಕೊಡುತ್ತಾನೆ?

ಹಾಗಾಗಿ ಗೋಡೆಗೆ ಅಂಟಿಸಲು ನಾಲ್ಕು ಹಾಳೆಯ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಪೂರ್ತಿ ಕನ್ನಡದಲ್ಲಿ. ಕಮಾಂಡ್‌ಗಳು ಇದ್ದ ಹಾಗೇ ಇರಲಿ, ಅವನ್ನು ಮುಟ್ಟುವುದಿಲ್ಲ. ನನಗೆ ಬೇಕಾಗಿರುವುದು ಕೆಟ್ಟದ್ದನ್ನು ಹೇಳುವ ಮಾತುಗಳು. ಫೋನ್‌ನಲ್ಲಿ ಒಂದು ಪದ ಕೇಳಿದರೆ ಮೊದಲು ಯಾವ ಕಮಾಂಡ್ ಹೊಡೆಯಬೇಕು ಅನ್ನುವುದು ತಿಳಿಯಬೇಕು. ಅಂಥ ಪದಗಳು.

ಮೊದಲು 'ಲೋಡ್'. ಪದಕೋಶದಲ್ಲಿ 'ಹೊರೆ', 'ಭಾರ' ಇವೆ. ನಮ್ಮೂರಲ್ಲಿ ಲೋಡು ಅಂದರೆ ಲಾರಿ ಲೋಡು. ಎರಡು ಲೋಡು ಭತ್ತ, ಒಂದು ಲೋಡು ಮರಳು. ಹೀಗಾಗಿ ಲೋಡ್ ಆವರೇಜ್ ಎಂಟು ಅಂತ ಕಂಡರೆ ಹುಡುಗರು ಸಿಪಿಯು ಎಂಟು ಪಟ್ಟು ಭಾರ ಹೊತ್ತಿದೆ ಅಂದುಕೊಳ್ಳುತ್ತಾರೆ. ಅದು ಭಾರವೇ ಅಲ್ಲ. ಅದು ಜನರ ಎಣಿಕೆ. ಕೆಲಸ ಮಾಡುತ್ತಿರುವ ಪ್ರೊಸೆಸ್‌ಗಳು, ಸಿಪಿಯು ಸಿಗಲಿ ಅಂತ ಸಾಲಿನಲ್ಲಿ ನಿಂತಿರುವ ಪ್ರೊಸೆಸ್‌ಗಳು, ಇವನ್ನೆಲ್ಲ ಸೇರಿಸಿ ಕಳೆದ 1, 5, 15 ನಿಮಿಷಗಳ ಸರಾಸರಿ ತೋರಿಸುತ್ತದೆ. ಸಿಪಿಯುದಲ್ಲಿ ನಾಲ್ಕು ಕೋರ್, ಅಂದರೆ ಕೆಲಸ ಮಾಡುವ ನಾಲ್ಕು ಕೌಂಟರ್, ಇದ್ದು ಲೋಡ್ ಎಂಟು ಅಂದರೆ, ನಾಲ್ಕು ಮಂದಿ ಕೌಂಟರ್‌ನಲ್ಲಿ, ನಾಲ್ಕು ಮಂದಿ ಹಿಂದೆ.

ಲಿನಕ್ಸ್‌ನದು ಇನ್ನೊಂದು ಕಿತಾಪತಿ ಇದೆ. ಡಿಸ್ಕ್‌ನಿಂದ ಡೇಟಾ ಬರಲಿ ಅಂತ ಕಾಯುತ್ತಿರುವವರನ್ನೂ ಅದೇ ಲೆಕ್ಕಕ್ಕೆ ಸೇರಿಸುತ್ತದೆ. ಲಾರಿ ಬಂದಿಲ್ಲ ಅಂತ ರೈಸ್ ಮಿಲ್ಲಿನ ಮುಂದೆ ಬೀಡಿ ಸೇದುತ್ತ ಕೂತ ಹಮಾಲರನ್ನೂ ಕೆಲಸದಲ್ಲಿದ್ದಾರೆ ಅಂತ ಎಣಿಸಿದ ಹಾಗೆ. ಅದಕ್ಕೇ ಎಷ್ಟೋ ಸಲ ಲೋಡ್ ಮೂವತ್ತು ಇರುತ್ತದೆ, ಸಿಪಿಯು ಮಾತ್ರ ತಣ್ಣಗೆ ಕೂತಿರುತ್ತದೆ. ಆಗ ಸಿಪಿಯು ಬೈದು ಉಪಯೋಗವಿಲ್ಲ, ಡಿಸ್ಕ್ ನೋಡಬೇಕು. ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಟಾಪ್ ಕಮಾಂಡ್‌ನಲ್ಲಿ ಅಂಥ ಪ್ರೊಸೆಸ್ ಮುಂದೆ ಡಿ ಅಂತ ಕಾಣುತ್ತದೆ. ಪ್ರೊಸೆಸ್ ಕೊಲ್ಲುವ ಕಿಲ್ 9 ಕಮಾಂಡ್ ಹೊಡೆದರೂ ಅದು ಸಾಮಾನ್ಯವಾಗಿ ಜಗ್ಗುವುದಿಲ್ಲ. ಲಾರಿ ಬರುವವರೆಗೂ ಅದಕ್ಕೆ ಕಿವಿ ಕೇಳುವುದಿಲ್ಲ.

ಈ ಲೋಡ್‌ಗೆ ನಾನು 'ಪಾಳಿ' ಅಂತ ಹಾಕಿದ್ದೇನೆ. ನಮ್ಮ ಕಡೆ 'ಪಾಳಿ ಹಚ್ಚು' ಅಂದರೆ ಸಾಲಿನಲ್ಲಿ ನಿಲ್ಲು. 'ಪಾಳಿ ಮೂವತ್ತು ಐತ್ರಿ' ಅಂದರೆ ಯಾರಿಗಾದರೂ ತಿಳಿಯುತ್ತದೆ. ಆದರೆ ಬೇರೆ ಕಡೆ ಪಾಳಿ ಅಂದರೆ ಬರೀ ಕೆಲಸದ ಶಿಫ್ಟು ಅಲ್ವಾ? ನಾನೇ ಮೇಲೆ 'ರಾತ್ರಿ ಪಾಳಿಯ ಹುಡುಗ' ಅಂತ ಬರೆದಿದ್ದೇನೆ! ತುಮಕೂರಿನ ಹುಡುಗನೊಬ್ಬ ಈ ಹಾಳೆ ಓದಿದರೆ ಮೂವತ್ತು ಶಿಫ್ಟು ಅಂದುಕೊಂಡಾನೇ? ಡಿ ಅಂತ ಕೂತವರಿಗೆ ಬೇರೆ ಪದವೂ ಬೇಕು. 'ಕಾಯುತ್ತಿದೆ' ಅಂದರೆ ಸಪ್ಪೆ. 'ಸಿಕ್ಕಿಕೊಂಡಿದೆ' ಸರಿ ಅನ್ನಿಸುತ್ತದೆ. ಹ್ಯಾಂಗ್ ಅನ್ನುವ ಮಾತು ನಿಜವಾಗಿ ಹೊಂದುವುದೂ ಇದಕ್ಕೊಂದಕ್ಕೇ ಇರಬೇಕು.

ಇನ್ನು ಆ ರಾತ್ರಿಯ ಕಥೆ. ಡಿಸ್ಕ್‌ನ ಜಾಗ ತೋರಿಸುವ ಡಿಎಫ್ ಕಮಾಂಡ್ ಹೊಡೆದರೆ ಅರ್ಧಕ್ಕರ್ಧ ಜಾಗ ಖಾಲಿ. ಆದರೂ ಹೊಸ ಫೈಲ್ ಬರೆಯಲು ಹೋದರೆ 'ನೋ ಸ್ಪೇಸ್ ಲೆಫ್ಟ್' ಅಂತ ಎರರ್. ಹುಡುಗ ಜಾಗ ಇದೆ ಅಂತ ನೋಡಿದ್ದ, ಅದಕ್ಕೇ ಹ್ಯಾಂಗ್ ಅಂದಿದ್ದ. ಅವನ ತಪ್ಪಿಲ್ಲ. ಡಿಎಫ್‌ಗೆ ಹೈಫನ್ ಐ ಸೇರಿಸಿ ನೋಡಿದಾಗ ಗೊತ್ತಾಯಿತು, ಐನೋಡ್‌ಗಳು, ಅಂದರೆ ಒಂದೊಂದು ಫೈಲಿನ ವಿವರ ಬರೆದಿಡುವ ದಾಖಲೆಗಳು, ನೂರಕ್ಕೆ ನೂರು ಮುಗಿದಿದ್ದವು. ಒಂದು ವೆಬ್ ಅಪ್ಲಿಕೇಶನ್ ತನ್ನ ಸೆಷನ್ ಫೋಲ್ಡರ್‌ನಲ್ಲಿ ಲಕ್ಷಗಟ್ಟಲೆ ಪುಟ್ಟ ಫೈಲ್ ಹಾಕಿ, ಒಂದನ್ನೂ ಅಳಿಸದೆ ಕೂತಿತ್ತು.

ಐನೋಡ್‌ಗೆ ಕನ್ನಡ ಏನು? ತುಂಬಾ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಹೊಳೆದದ್ದು 'ಪಹಣಿ'. ನಗಬೇಡಿ, ಪೂರ್ತಿ ಕೇಳಿ. ಪಹಣಿಯಲ್ಲಿ ಹೊಲ ಇರುವುದಿಲ್ಲ. ಹೊಲ ಯಾರದು, ಎಷ್ಟು ಎಕರೆ, ಯಾವ ಸರ್ವೆ ನಂಬರ್ ಅನ್ನುವುದು ಇರುತ್ತದೆ. ಐನೋಡ್‌ನಲ್ಲೂ ಫೈಲಿನ ಒಳಗಿನ ಬರಹ ಇರುವುದಿಲ್ಲ. ಒಡೆಯ ಯಾರು, ಗಾತ್ರ ಎಷ್ಟು, ಯಾರಿಗೆ ಅನುಮತಿ, ಯಾವಾಗ ಬದಲಾಯಿತು, ಡಿಸ್ಕ್‌ನ ಯಾವ ಜಾಗದಲ್ಲಿದೆ, ಇಷ್ಟೇ. ಫೈಲಿನ ಹೆಸರು ಕೂಡ ಅಲ್ಲಿಲ್ಲ, ಅದು ಫೋಲ್ಡರ್‌ನಲ್ಲಿರುತ್ತದೆ. ನಮ್ಮ ಹೊಲಗಳೂ ಹಾಗೇ. ಮನೆಯವರು 'ಬೇವಿನಗಿಡದ ಹೊಲ' ಅನ್ನುತ್ತಾರೆ, ಪಕ್ಕದವರು 'ಹಳ್ಳದ ಹೊಲ' ಅನ್ನುತ್ತಾರೆ. ಪಹಣಿಗೆ ಅದೆಲ್ಲ ಗೊತ್ತಿಲ್ಲ, ಅದಕ್ಕೆ ಸರ್ವೆ ನಂಬರ್ ಒಂದೇ. ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಇನ್ನೊಂದು ಹೆಸರು) ಅಂದರೆ ಏನು ಅಂತ ಹುಡುಗರಿಗೆ ಎರಡು ವರ್ಷದಿಂದ ಹೇಳುತ್ತಿದ್ದೆ, ಈ ಒಂದು ಮಾತಿಗೆ ತಲೆಗೆ ಹೋಯಿತು.

ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ (ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ) ಎಷ್ಟು ಐನೋಡ್ ಅನ್ನುವುದು ಫಾರ್ಮ್ಯಾಟ್ ಮಾಡುವಾಗಲೇ ನಿರ್ಧಾರವಾಗುತ್ತದೆ. ಏನೂ ಹೇಳದಿದ್ದರೆ ಸಾಮಾನ್ಯವಾಗಿ 16 ಕೆಬಿ ಜಾಗಕ್ಕೆ ಒಂದು. ಅಂದರೆ ಪಹಣಿ ಪುಸ್ತಕದ ಹಾಳೆಗಳು ಮೊದಲೇ ಎಣಿಸಿ ಹೊಲಿದಿಟ್ಟವು. ಭೂಮಿ ಬೀಳು ಬಿದ್ದಿರಬಹುದು, ಹಾಳೆ ಮುಗಿದರೆ ಮುಗಿಯಿತು. ಈಗ ನನ್ನ ಪ್ರಶ್ನೆ. 'ಪಹಣಿ ಮುಗಿದಿದೆ' ಅಂತ ಬರೆದರೆ ಹೊರಗಿನವರು ತಹಶೀಲ್ದಾರ್ ಕಚೇರಿಗೆ ಓಡುತ್ತಾರೇನೋ. ಒಂದು ಕಡೆ ಗಟ್ಟಿಯಾಗಿ ಬೇರು ಬಿಟ್ಟ ಪದವನ್ನು ಇನ್ನೊಂದು ಕಡೆಗೆ ಎಳೆದು ತರುವುದು ಸರಿಯೇ? ಅಥವಾ ಐನೋಡ್ ಅಂತಲೇ ಬಿಟ್ಟು, ಪಹಣಿಯನ್ನು ಬರೀ ಹೋಲಿಕೆಗೆ ಇಟ್ಟುಕೊಳ್ಳಲೇ?

'ಲಾಗ್', ಅಂದರೆ ಸರ್ವರ್ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಫೈಲ್. ಇದರ ವಿಷಯದಲ್ಲಿ ನನಗೆ ಅನುಮಾನ ಕಡಿಮೆ. 'ದಿನಚರಿ', 'ದಾಖಲೆ' ಎರಡೂ ನೋಡಿದೆ. ನನ್ನ ಓಟು 'ಕಿರ್ದಿ'ಗೆ. ಅಡತಿ ಅಂಗಡಿಯಲ್ಲಿ ಕಿರ್ದಿ ಅಂದರೆ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುವ ಪುಸ್ತಕ. ಆಮೇಲೆ ಅದರಿಂದ ಖಾತೆಗೆ ಹಾಕುತ್ತಾರೆ. ಲಾಗ್ ಮಾಡುವುದೂ ಅದನ್ನೇ. ಮೊದಲು ಕಿರ್ದಿ ನೋಡು, ಆಮೇಲೆ ಮಾತಾಡು ಅಂತ ಹುಡುಗರಿಗೆ ಹೇಳಲು ಬಾಯಿಗೂ ಚೆನ್ನ. ದೀಪಾವಳಿಗೆ ಹಳೇ ಪುಸ್ತಕ ಮುಚ್ಚಿ ಹೊಸದಕ್ಕೆ ಪೂಜೆ ಮಾಡುತ್ತಾರಲ್ಲ, ಲಾಗ್‌ರೊಟೇಟ್ ಅನ್ನುವ ಪ್ರೋಗ್ರಾಮ್ ಅದನ್ನೇ ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ಮಾಡುತ್ತದೆ, ಕುಂಕುಮ ಇಲ್ಲದೆ. ಒಂದೇ ತೊಂದರೆ. ಹೊಸ ಪುಸ್ತಕ ಇಟ್ಟಿದ್ದೇವೆ ಅಂತ ಗುಮಾಸ್ತನಿಗೆ, ಅಂದರೆ ಲಾಗ್ ಬರೆಯುವ ಪ್ರೊಸೆಸ್‌ಗೆ, ಹೇಳಬೇಕು. ಹೇಳದಿದ್ದರೆ ಅವನು ಹಳೇ ಪುಸ್ತಕದಲ್ಲೇ ಗೀಚುತ್ತಿರುತ್ತಾನೆ. ಆ ಹಳೇ ಫೈಲ್ ಅಳಿಸಿದರೂ ಡಿಸ್ಕ್‌ನಲ್ಲಿ ಜಾಗ ಬಿಡುಗಡೆ ಆಗುವುದಿಲ್ಲ, ಏಕೆಂದರೆ ಪ್ರೊಸೆಸ್ ಅದನ್ನು ಇನ್ನೂ ತೆರೆದು ಹಿಡಿದಿರುತ್ತದೆ. ಹೊಲ ಮಾರಿದರೂ ಲೀಜಿಗೆ ಹಿಡಿದವನು ಕೊಯ್ಲು ಮುಗಿಸುವವರೆಗೆ ಬಿಡದ ಹಾಗೆ. ಯಾರು ಯಾವ ಫೈಲ್ ತೆರೆದಿದ್ದಾರೆ ಅಂತ ತೋರಿಸುವ ಎಲ್‌ಎಸ್‌ಒಎಫ್ ಕಮಾಂಡ್ ಹೊಡೆದು ಅಂಥವನನ್ನು ಹುಡುಕಿ, ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್ ಬರುತ್ತದೆ.

ಲಾಗ್ ಪದದ್ದೇ ಒಂದು ಮಜಾ ಇದೆ, ಹೇಳಿಬಿಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಆ ವಾರವಿಡೀ ನಮ್ಮ ಎಡದಂಡೆ ಕಾಲುವೆಯ ರೈತರ ಬಾಯಲ್ಲಿ ಇದ್ದದ್ದು ಒಂದೇ ಪದ: 'ಸ್ಟಾಪ್‌ಲಾಗ್'. ಹರಿಯುವ ನೀರಿನಲ್ಲೇ ಅದನ್ನು ಇಳಿಸಿ ನೀರು ನಿಲ್ಲಿಸಿದರು. ಆಗ ನಮ್ಮ ಓಣಿಯ ಹಿರಿಯರೊಬ್ಬರು ಕೇಳಿದ್ದರು, "ನಿಮ್ಮ ಕಂಪ್ಯೂಟರಿನ್ಯಾಗೂ ಲಾಗ್ ಲಾಗ್ ಅಂತೀಯಲ್ಲ, ಅದೂ ಇದೂ ಒಂದೇ ಏನಪಾ?" ನಕ್ಕುಬಿಟ್ಟೆ. ಆಮೇಲೆ ಹುಡುಕಿದರೆ ಅವರ ಪ್ರಶ್ನೆಯೇ ಸರಿ. ಎರಡೂ ಮರದ ತುಂಡೇ. ಸ್ಟಾಪ್‌ಲಾಗ್ ಅಂದರೆ ಮೊದಲು ನೀರಿಗೆ ಅಡ್ಡ ಇಳಿಸುತ್ತಿದ್ದ ತೊಲೆ, ಈಗ ಉಕ್ಕಿನದು. ಇನ್ನೊಂದು, ಹಡಗಿನವರು ವೇಗ ಅಳೆಯಲು ಹಗ್ಗ ಕಟ್ಟಿ ಸಮುದ್ರಕ್ಕೆ ಎಸೆಯುತ್ತಿದ್ದ ಮರದ ತುಂಡು. ಆ ಅಳತೆ ಬರೆದಿಡುವ ಪುಸ್ತಕಕ್ಕೆ ಲಾಗ್ ಬುಕ್ ಅಂತ ಹೆಸರಾಯಿತು. ಅಲ್ಲಿಂದ ಸರ್ವರ್‌ಗೆ ಬಂತು. ಮರದಿಂದ ಬಂದ ಪದವನ್ನು ನಾನು ಅಡತಿ ಅಂಗಡಿಗೆ ತರುವುದು ತಪ್ಪೇನಲ್ಲ ಅಂತ ಆಗ ಧೈರ್ಯ ಬಂತು.

'ಮೌಂಟ್' (ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸಿ ಬಳಕೆಗೆ ತರುವುದು) ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಆರೋಹಣ' ಅಂತ ಒಂದು ಕಡೆ ನೋಡಿ ಬೆಟ್ಟ ಹತ್ತಿದಷ್ಟು ಸುಸ್ತಾಯಿತು. ನಮ್ಮಲ್ಲಿ 'ಹಚ್ಚು' ಇದೆ. ಲೈಟು ಹಚ್ಚು, ಭತ್ತ ಹಚ್ಚು, ಪಾಳಿ ಹಚ್ಚು. ಡಿಸ್ಕ್ ಹಚ್ಚು, ಡಿಸ್ಕ್ ಬಿಚ್ಚು. ಜೋಡಿ ಚೆನ್ನಾಗಿದೆ. ಬಿಚ್ಚಲು ಹೋದಾಗ 'ಬಿಜಿ' ಅಂತ ಬಂದರೆ ಯಾರೋ ಒಳಗೆ ಕೂತಿದ್ದಾರೆ ಅಂತ ಅರ್ಥ, ಎಷ್ಟೋ ಸಲ ನಾವೇ ಆ ಫೋಲ್ಡರ್ ಒಳಗೆ ನಿಂತಿರುತ್ತೇವೆ. ದಕ್ಷಿಣದವರಿಗೆ 'ಹಚ್ಚು' ಅಂದರೆ ದೀಪ ಮತ್ತು ಮುಲಾಮು ಮಾತ್ರವೇ? ಹೇಳಿ.

ಆದರೆ ನನಗೆ ನಿಜವಾಗಿ ತೊಡಕಾಗಿರುವುದು 'ನಿರಾಕರಿಸಲಾಗಿದೆ'. 'ಪರ್ಮಿಶನ್ ಡಿನೈಡ್'ಗೂ ಅದೇ, 'ಕನೆಕ್ಷನ್ ರೆಫ್ಯೂಸ್ಡ್'ಗೂ ಅದೇ ಅನುವಾದ. ಎರಡೂ ಬೇರೆ ಬೇರೆ ರೋಗ. ಹುಡುಗರು ಪೋರ್ಟ್ ತೆರೆಯದಿದ್ದಾಗ ಪಾಸ್‌ವರ್ಡ್ ಬದಲಿಸುತ್ತ ಕೂತದ್ದನ್ನು ಕಣ್ಣಾರೆ ನೋಡಿದ್ದೇನೆ. ಅಲ್ಲಿ ಯಾರೂ ಯಾರನ್ನೂ ತಡೆದಿಲ್ಲ. ಯಂತ್ರ ಸಿಕ್ಕಿದೆ, ಉತ್ತರವೂ ಕೊಟ್ಟಿದೆ, ಆದರೆ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವ ಸರ್ವಿಸ್ ಹೆಚ್ಚಾಗಿ ಚಾಲೂ ಇರುವುದಿಲ್ಲ. ಅಂಗಡಿಯವನು 'ಸಕ್ಕರಿ ಇಲ್ರಿ' ಅಂದ ಹಾಗೆ. 'ಟೈಮ್ಡ್ ಔಟ್' ಅಂದರೆ ಉತ್ತರವೇ ಬಂದಿಲ್ಲ. ಯಂತ್ರವೇ ಬಂದ್ ಆಗಿರಬಹುದು, ನಡುವೆ ಫೈರ್‌ವಾಲ್ ಸದ್ದಿಲ್ಲದೆ ನುಂಗಿರಬಹುದು. 'ಪರ್ಮಿಶನ್ ಡಿನೈಡ್' ಅಂದರೆ ವಸ್ತು ಇದೆ, ನಿನಗೆ ಬಿಡುವುದಿಲ್ಲ. ಇಲ್ಲಿಯೂ ಒಂದು ಮಾತು: ಫೈಲಿನ ಅನುಮತಿ ಸರಿ ಇದ್ದರೂ ಮೇಲಿನ ಫೋಲ್ಡರ್ ದಾಟಲು ಅನುಮತಿ ಬೇಕು. ತಲಬಾಗಿಲು ಹಾಕಿದ್ದರೆ ಅಡುಗೆಮನೆ ತೆರೆದಿದ್ದು ಏನು ಬಂತು? ಅದು ಗೊತ್ತಿಲ್ಲದೆ ಎಲ್ಲದಕ್ಕೂ 777 (ಎಲ್ಲರಿಗೂ ಎಲ್ಲ ಅನುಮತಿ) ಹಾಕುವವರ ಕೈ ಕಟ್ಟಿಹಾಕಬೇಕು.

ಇವು ಮೂರಕ್ಕೆ ನಾನು ಮೂರು ಕ್ರಿಯಾಪದ ಇಟ್ಟಿದ್ದೇನೆ. 'ಇಲ್ಲ ಅಂತು', 'ಮಾತಾಡಲಿಲ್ಲ', 'ಬಿಡಲಿಲ್ಲ'. ನಾಮಪದ ಮಾಡಲು ಹೋಗಿಲ್ಲ. ಫೋನ್‌ನಲ್ಲಿ "ಸರ, ಇಲ್ಲ ಅಂತೈತ್ರಿ" ಅಂದರೆ ಸರ್ವಿಸ್ ಚಾಲೂ ಇದೆಯಾ ನೋಡು ಅನ್ನುತ್ತೇನೆ. "ಮಾತಾಡವಲ್ದು" ಅಂದರೆ ಪಿಂಗ್ ಮಾಡು, ಯಂತ್ರ ಓಗೊಡುತ್ತದೆಯಾ ನೋಡು ಅನ್ನುತ್ತೇನೆ. ಸಹೋದ್ಯೋಗಿಯೊಬ್ಬರು ಇದು ಬರೀ ಆಡುಮಾತು, ಪಾರಿಭಾಷಿಕ ಪದ ಅಂದರೆ ನಾಮಪದವೇ ಇರಬೇಕು ಅನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಹಾಗೆ ನಿಯಮ ಏನಾದರೂ ಇದೆಯೇ?

ಕೊನೆಯದು 'ಜಾಂಬಿ', ಅಂದರೆ ಸತ್ತರೂ ಪಟ್ಟಿಯಲ್ಲಿ ಉಳಿದ ಪ್ರೊಸೆಸ್. 'ಪ್ರೇತ', 'ಪಿಶಾಚಿ' ಅಂತ ಬರೆದರೆ ಹುಡುಗರು ಅದು ಏನೋ ಕಾಡುತ್ತಿದೆ ಅಂದುಕೊಂಡು ಕಿಲ್ ಮೇಲೆ ಕಿಲ್ ಹೊಡೆಯುತ್ತಾರೆ. ಸತ್ತದ್ದನ್ನು ಮತ್ತೆ ಕೊಲ್ಲುವುದು ಹೇಗೆ? ಅದು ತಿನ್ನುವುದಿಲ್ಲ, ಕುಡಿಯುವುದಿಲ್ಲ. ಪ್ರೊಸೆಸ್ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದಿದೆ, ಏಕೆಂದರೆ ಅದನ್ನು ಹುಟ್ಟುಹಾಕಿದ ಪೇರೆಂಟ್ ಪ್ರೊಸೆಸ್ ಇನ್ನೂ ಸಾವಿನ ವರದಿ ತೆಗೆದುಕೊಂಡಿಲ್ಲ. ರೇಷನ್ ಕಾರ್ಡಿನಲ್ಲಿ ಸತ್ತವರ ಹೆಸರು ಉಳಿದಿರುತ್ತದಲ್ಲ, ಮನೆಯ ಯಜಮಾನ ಹೋಗಿ ತೆಗೆಸದಿದ್ದರೆ, ಥೇಟ್ ಅದೇ. ಯಜಮಾನನನ್ನೇ ನಿಲ್ಲಿಸಿದರೆ ಆ ಹೆಸರು ಒಂದನೇ ನಂಬರಿನ ಪ್ರೊಸೆಸ್ ಪಾಲಿಗೆ ಹೋಗುತ್ತದೆ, ಅದು ತೆಗೆದುಹಾಕುತ್ತದೆ. ಇದಕ್ಕೆ ಒಂದು ಪದ ನನಗೆ ಸಿಕ್ಕಿಲ್ಲ. 'ಹೆಸರುಳಿಕ' ಅಂತ ಕಟ್ಟಿದೆ, ಮನೆಯಲ್ಲಿ ಓದಿ ಹೇಳಿದರೆ ಯಾರೂ ಒಪ್ಪಲಿಲ್ಲ. ಸತ್ತ ಮೇಲೂ ಪಟ್ಟಿಯಲ್ಲಿ ಹೆಸರು ಉಳಿದವರಿಗೆ ನಿಮ್ಮ ಊರಿನಲ್ಲಿ ಏನಾದರೂ ಮಾತು ಇದೆಯೇ? ರಾಯಚೂರು, ಬಳ್ಳಾರಿ ಕಡೆಯವರು ಇದ್ದರೆ ಹಿರಿಯರನ್ನೊಮ್ಮೆ ಕೇಳಿ ನೋಡಿ.

ಶನಿವಾರ ಪ್ರಿಂಟ್ ಹಾಕಿಸಬೇಕು. ಮೂರನೇ ಹಾಳೆಯಲ್ಲಿ ಆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.