ಕಾಲೇಜು ಸಾಂಸ್ಕೃತಿಕ ದಿನ: ಉಪನ್ಯಾಸ, ಕವಿಗೋಷ್ಠಿ, ತಾಳಮದ್ದಳೆ ಒಂದೇ ದಿನ ಮಾಡುವುದು ಹೇಗೆ?

ಸಂಚಾಲಕಿ_ಮಲೆನಾಡು

ಎಲ್ಲರಿಗೂ ನಮಸ್ಕಾರ. ನಮ್ಮ ಪದವಿ ಕಾಲೇಜಿನಲ್ಲಿ ಒಂದು ದಿನದ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ 10ಕ್ಕೆ ಸಾಹಿತಿಯೊಬ್ಬರ ಉಪನ್ಯಾಸ, ಆಮೇಲೆ ವಿದ್ಯಾರ್ಥಿ ಕವಿಗೋಷ್ಠಿ, ಊಟವಾದ ಮೇಲೆ ಎರಡು ಗಂಟೆ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ), ಸಂಜೆ ಬಯಲಲ್ಲಿ ವಿದ್ಯಾರ್ಥಿಗಳ ಭಾವಗೀತೆ. ಸಭಾಂಗಣದಲ್ಲಿ 350 ಕುರ್ಚಿ. ಊರವರನ್ನೂ ಕರೆಯುವ ಆಸೆ. ಉದ್ಘಾಟನೆಯೇ ಅರ್ಧ ದಿನ ತಿನ್ನದಂತೆ ನೋಡಿಕೊಳ್ಳುವುದು ಹೇಗೆ? ಭಾಷಣಕ್ಕೂ ತಾಳಮದ್ದಳೆಗೂ ಒಂದೇ ಸೌಂಡ್ ಸೆಟ್ ಸಾಕೇ? ಅನುಮತಿ ಯಾವುದಕ್ಕೆಲ್ಲ ಬೇಕು?

ನಿರೂಪಣೆ_ಮೇಷ್ಟ್ರು

ಮೇಡಂ, ಮೊದಲು ವೇದಿಕೆಯ ಕುರ್ಚಿ ಎಣಿಸಿ. 9 ಜನ ಕೂತರೆ ಹೆಸರು ಕರೆದು, ಹೂವು ಕೊಟ್ಟು, ಫೋಟೊ ತೆಗೆಯಲು ತಲಾ 2 ನಿಮಿಷ ಹಿಡಿದರೂ ಸ್ವಾಗತಕ್ಕೇ 18 ನಿಮಿಷ. ಆ 9 ಹೆಸರು ಪ್ರತಿ ಭಾಷಣದ ಶುರುವಿಗೆ ಮತ್ತೆ ಬರುತ್ತವೆ, ವಂದನಾರ್ಪಣೆಯಲ್ಲಿ ಇನ್ನೊಮ್ಮೆ. 4 ಕುರ್ಚಿ ಸಾಕು: ಉಪನ್ಯಾಸಕರು, ಪ್ರಾಂಶುಪಾಲರು, ಸಂಚಾಲಕರು, ವಿದ್ಯಾರ್ಥಿ ಪ್ರತಿನಿಧಿ. ಉಳಿದ ಹಿರಿಯರಿಗೆ ಮೊದಲ ಸಾಲಿನಲ್ಲಿ ಹೆಸರು ಬರೆದು ಆಸನ ಕಾದಿರಿಸಿ. ಆ ಮರ್ಯಾದೆ ಮುಂಚೆಯೇ ಫೋನಲ್ಲಿ ತಿಳಿಸಿದ್ದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡ್ ಎಂದು ಸರ್ಕಾರ 2022ರಲ್ಲೇ ಗೊತ್ತುಮಾಡಿದೆ. ಹಾಡುವ ಮಕ್ಕಳು ಆ ಅವಧಿಗೇ ಅಭ್ಯಾಸ ಮಾಡಲಿ. ಸ್ವಾಗತ 4 ನಿಮಿಷ, ದೀಪ 3, ಪ್ರಾಂಶುಪಾಲರ ಮಾತು 5, ಅತಿಥಿಯ ಪರಿಚಯ ಒಂದೂವರೆ. ಹೀಗಾದರೆ 10.20ಕ್ಕೆ ಉಪನ್ಯಾಸ ಶುರು. 45 ನಿಮಿಷ ಮಾತು, 20 ನಿಮಿಷ ಸಂವಾದ. ಅಧ್ಯಕ್ಷೀಯ ನುಡಿಯನ್ನು ಕೊನೆಗೆ ಇಡಲೇಬೇಡಿ. ಸಂವಾದದ ಬಿಸಿ ಆರಿಹೋಗುತ್ತದೆ.

ಪರಿಚಯ ಹಾಳಾಗುವುದು ಬಯೋಡೇಟಾ ಓದುವುದರಿಂದ. ಪ್ರಶಸ್ತಿಗಳ ಪಟ್ಟಿ ಬಿಟ್ಟು 120 ಪದ ಬರೆಸಿ: ಅವರು ಏನು ಬರೆದಿದ್ದಾರೆ, ಇಂದಿನ ವಿಷಯಕ್ಕೂ ಅದಕ್ಕೂ ಏನು ಸಂಬಂಧ, ಅಷ್ಟೇ. ಬರೆದದ್ದನ್ನು ಎರಡು ದಿನ ಮುಂಚೆ ಅವರಿಗೇ ಕಳಿಸಿ. ಊರಿನ ಹೆಸರು, ಇಸವಿ ತಪ್ಪಿದ್ದರೆ ತಿದ್ದಿ ಕೊಡುತ್ತಾರೆ.

ಸಮಯ ತೋರಿಸಲು ಚೀಟಿ ಕೈಗಿಡಬೇಡಿ, ಮಾತು ಮುರಿಯುತ್ತದೆ. ಮುಂದಿನ ಸಾಲಿನಲ್ಲಿ ಒಬ್ಬರು "10", "5" ಎಂದು ದಪ್ಪಗೆ ಬರೆದ ರಟ್ಟು ಎತ್ತಿ ತೋರಿಸಲಿ, ಹೀಗೆ ತೋರಿಸುತ್ತೇವೆಂದು ಉಪನ್ಯಾಸಕರಿಗೆ ಮೊದಲೇ ಹೇಳಿರಿ. ಇನ್ನು ಸಂವಾದ. "ಪ್ರಶ್ನೆ ಇದ್ದರೆ ಕೇಳಿ" ಅಂದಾಗ ಸಭೆ ಸುಮ್ಮನಾಗುವುದಕ್ಕೆ ಕಾರಣ ಸಂಕೋಚ ಒಂದೇ ಅಲ್ಲ, ಅತಿಥಿಯ ಬರಹ ಯಾರೂ ಓದಿರುವುದಿಲ್ಲ. ಒಂದು ವಾರ ಮುಂಚೆ ಅವರ ಎರಡು ಲೇಖನವನ್ನು ಐದಾರು ವಿದ್ಯಾರ್ಥಿಗಳಿಗೆ ಕೊಟ್ಟು ಓದಿಸಿ. ಮೊದಲ ಎರಡು ಪ್ರಶ್ನೆ ಅವರಿಂದ ಬಂದರೆ ಮೂರನೆಯದು ತಾನಾಗಿ ಬರುತ್ತದೆ.

ಕವಿಗೋಷ್ಠಿಗೆ 12 ಕವಿಗಳು, ಬಂದು ಹೋಗುವುದೂ ಸೇರಿ ತಲಾ 4 ನಿಮಿಷ. ಕವನವನ್ನು ದೊಡ್ಡ ಅಕ್ಷರದಲ್ಲಿ ಒಂದೇ ಮಗ್ಗುಲಿಗೆ ಮುದ್ರಿಸಿ ರಟ್ಟಿಗೆ ಅಂಟಿಸಿ. ನಡುಗುವ ಕೈಯಲ್ಲಿ ಬಿಡಿ ಹಾಳೆ ಇದ್ದರೆ ಮೈಕಿನಲ್ಲಿ ಸರಸರ ಸದ್ದೇ ಜಾಸ್ತಿ ಕೇಳಿಸುತ್ತದೆ.

ಹಿಮ್ಮೇಳ_ಕರಾವಳಿ

ಸೆಟ್ ಒಂದೇ ಸಾಕು, ಜೋಡಣೆ ಬೇರೆ ಬೇರೆ. ಊಟದ ಹೊತ್ತಿನಲ್ಲಿ ಬದಲಿಸಲು 40 ನಿಮಿಷ ಇಟ್ಟುಕೊಳ್ಳಿ.

ತಾಳಮದ್ದಳೆಗೆ ಪದ್ಯ ಹಾಡುವ ಭಾಗವತರಿಗೆ ಒಂದು ಮೈಕ್, ಮದ್ದಳೆಗೆ ಒಂದು, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಿಗೆ ತಲಾ ಒಂದು. ಐವರು ಅರ್ಥಧಾರಿಗಳಾದರೆ ಒಟ್ಟು 7. ಚೆಂಡೆಗೆ ಮೈಕ್ ಇಡಲೇಬೇಡಿ; 350 ಜನರ ಹಾಲಿನಲ್ಲಿ ಅದು ಹಾಗೆಯೇ ಕೊನೆಯ ಸಾಲಿಗೆ ಮುಟ್ಟುತ್ತದೆ, ಸಾಲದ್ದಕ್ಕೆ ಅಕ್ಕಪಕ್ಕದ ಮೈಕಿಗೂ ನುಗ್ಗುತ್ತದೆ. ಚೆಂಡೆಯವರನ್ನು ಅರ್ಥಧಾರಿಗಳ ಮೈಕಿನ ಬೆನ್ನ ಕಡೆಗೆ ಬರುವಂತೆ ಕೂರಿಸಿ. ಅರ್ಥ ಕೇಳಿಸದ ಮೇಲೆ ತಾಳಮದ್ದಳೆ ಯಾಕೆ?

ಮೈಕಿನಿಂದ ಬಾಯಿಗೆ ಒಂದು ಗೇಣು, ಅಂದರೆ ಸುಮಾರು 20 ಸೆಂ.ಮೀ. ಒಂದು ಮೈಕಿನಿಂದ ಇನ್ನೊಂದಕ್ಕೆ ಅದರ ಮೂರು ಪಟ್ಟಾದರೂ, 60 ಸೆಂ.ಮೀ. ದೂರ ಬೇಕು. ಹತ್ತಿರವಾದರೆ ಒಬ್ಬರ ದನಿ ಎರಡು ಮೈಕಿಗೆ ಹೊತ್ತು ತಪ್ಪಿ ಸೇರಿ, ಡಬ್ಬದೊಳಗಿಂದ ಮಾತಾಡಿದ ಹಾಗೆ ಆಗುತ್ತದೆ. ಮಾತಾಡದವರ ಮೈಕನ್ನು ಆಪರೇಟರ್ ತಗ್ಗಿಸುತ್ತಿರಬೇಕು. ಅದಕ್ಕಾಗಿ ಪ್ರಸಂಗದ ಪಾತ್ರಗಳು ಯಾವ ಕ್ರಮದಲ್ಲಿ ಬರುತ್ತವೆ ಎಂದು ಬರೆದ ಚೀಟಿ ಮಿಕ್ಸರಿನ ಮೇಲೆ ಇರಲಿ. ಎರಡು ಗಂಟೆಗೆ ಪದ್ಯ ಆಯ್ದು ಇಳಿಸುವುದನ್ನು ಭಾಗವತರಿಗೇ ಬಿಡಿ, ಸಮಯ ಮಾತ್ರ ಖಚಿತವಾಗಿ ಹೇಳಿ.

ಮೈಕ್ ಕುಂಯ್ ಎಂದು ಕೂಗುವುದು ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಸೇರುವುದರಿಂದ. ಸ್ಪೀಕರ್‌ಗಳು ವೇದಿಕೆಯ ಅಂಚಿನಲ್ಲಿ, ಎಲ್ಲ ಮೈಕಿಗಿಂತ ಮುಂದೆ ಇರಬೇಕು. ಭಾಗವತರ ಮಾನಿಟರ್ (ತಮ್ಮ ದನಿ ತಮಗೇ ಕೇಳಲೆಂದು ಇಡುವ ಸ್ಪೀಕರ್), ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದು ಹಿಡಿದು ಬೆನ್ನಿನದ್ದನ್ನು ಬಿಡುವಂಥದ್ದು) ಆದರೆ ನೇರ ಮೈಕಿನ ಬೆನ್ನಿಗೆ. ಸೂಪರ್ ಕಾರ್ಡಿಯಾಯ್ಡ್ ಆದರೆ ಸ್ವಲ್ಪ ಪಕ್ಕಕ್ಕೆ, ಯಾಕೆಂದರೆ ಅದು ಬೆನ್ನಿನಿಂದಲೂ ಒಂದಿಷ್ಟು ಸದ್ದು ಹಿಡಿಯುತ್ತದೆ. ಮಾತಿನ ಮೈಕಿಗೆ 100 ಹರ್ಟ್ಸ್ ಕೆಳಗಿನದ್ದನ್ನು ಕತ್ತರಿಸಿ, ಮದ್ದಳೆಗೆ ಬೇಡ, ಅದರ ಗುಂ ಎನ್ನುವ ತಗ್ಗು ನಾದ ಅಲ್ಲೇ ಇರುವುದು.

ಬೆಳಗಿನ ಭಾಷಣಕಾರರಲ್ಲಿ ಕೆಲವರು ಮೈಕಿನ ಜಾಲರಿ ತಲೆಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಬೆನ್ನಿನ ಸದ್ದು ತಡೆಯುವ ಕಿಂಡಿಗಳು ಮುಚ್ಚಿಹೋಗಿ, ಆಗ ಮೈಕ್ ಎಲ್ಲ ದಿಕ್ಕಿಂದಲೂ ಸದ್ದು ಎಳೆದುಕೊಂಡು ಕೂಗುತ್ತದೆ. ಹಿಡಿಯ ನಡುಭಾಗಕ್ಕೆ ಬಣ್ಣದ ಟೇಪ್ ಸುತ್ತಿ "ಇಲ್ಲಿ ಹಿಡಿಯಿರಿ" ಅನ್ನಿ.

ನಿಯಮ_ನೋಡಿ

ಸಂಜೆಯ ಬಯಲು ಕಾರ್ಯಕ್ರಮದ ಕಡೆ ಜಾಸ್ತಿ ಗಮನ ಇರಲಿ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಬಳಸುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂದು ಗುರುತಿಸಿರುವ ಕಡೆ ಕಟ್ಟುನಿಟ್ಟು ಇನ್ನೂ ಹೆಚ್ಚು. ದಿನಾಂಕ, ಸಮಯ, ಜಾಗ ಬರೆದು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಠಾಣೆಗೆ ಒಂದೆರಡು ವಾರ ಮುಂಚೆಯೇ ಅರ್ಜಿ ಕೊಟ್ಟು, ಮೊಹರು ಹಾಕಿದ ಪ್ರತಿ ಇಟ್ಟುಕೊಳ್ಳಿ.

ಭಾವಗೀತೆಗೆ ಕೃತಿಸ್ವಾಮ್ಯದ ವಿಷಯ ಇದೆ. ಕವಿ ತೀರಿಹೋದ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ 1981ರಲ್ಲಿ, ಕುವೆಂಪು 1994ರಲ್ಲಿ ತೀರಿಕೊಂಡರು. ಇಬ್ಬರ ಕವಿತೆಗೂ ಹಕ್ಕು ಇನ್ನೂ ಇದೆ. ರಾಗ ಹಾಕಿದವರ ಹಕ್ಕು ಬೇರೆ. 1957ರ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಕಾಲೇಜಿನ ಚಟುವಟಿಕೆಯಾಗಿ ವಿದ್ಯಾರ್ಥಿಗಳು, ಸಿಬ್ಬಂದಿ ಹಾಡುವುದಕ್ಕೆ ವಿನಾಯಿತಿ ಇದೆ, ಆದರೆ ಕೇಳುಗರು ಸಿಬ್ಬಂದಿ, ವಿದ್ಯಾರ್ಥಿ, ಪೋಷಕರು, ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಊರಿಗೆಲ್ಲ ಬಾಗಿಲು ತೆರೆದರೆ ಅದರ ಆಸರೆ ಹಿಡಿಯಲಾಗದು. ಹವ್ಯಾಸಿ ಸಂಘ ಹಣ ಪಡೆಯದೆ ಪ್ರದರ್ಶಿಸಿದರೆ ಬೇರೊಂದು ವಿನಾಯಿತಿ ಇದೆ, ಆದ್ದರಿಂದ ಟಿಕೆಟ್ ಬೇಡ. ಯೂಟ್ಯೂಬಿಗೆ ಹಾಕುವುದಿದ್ದರೆ ಈ ಎರಡೂ ವಿನಾಯಿತಿ ಸಾಲದು, ಹಕ್ಕುದಾರರ ಒಪ್ಪಿಗೆ ಪತ್ರವೇ ಬೇಕು. ಉಪನ್ಯಾಸಕರು, ಕಲಾವಿದರಿಂದಲೂ ರೆಕಾರ್ಡಿಂಗಿಗೆ ಎರಡು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ.

ಸಂಚಾಲಕಿ_ಮಲೆನಾಡು

ತುಂಬ ಉಪಕಾರವಾಯಿತು. ಕರೆಂಟ್ ಹೋದರೆ?

ಹಿಮ್ಮೇಳ_ಕರಾವಳಿ

ಜನರೇಟರ್ ಹತ್ತುವ ಹೊತ್ತಿಗೆ ಡಿಜಿಟಲ್ ಮಿಕ್ಸರ್ ಆರಿ, ಮತ್ತೆ ಶುರುವಾಗಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಮಿಕ್ಸರಿಗೂ ವೈರ್‌ಲೆಸ್ ರಿಸೀವರಿಗೂ ಒಂದು ಯುಪಿಎಸ್ ಕೊಡಿ. ಆಂಪ್ಲಿಫೈಯರ್ ಅದಕ್ಕೆ ಸಿಗಿಸಬೇಡಿ, ಭಾರ ತಡೆಯುವುದಿಲ್ಲ. ಊಟದ ಹೊತ್ತಿಗೆ ವೈರ್‌ಲೆಸ್ ಸೆಲ್ ಎಲ್ಲ ಹೊಸದು ಹಾಕಿ. ಅರ್ಥಧಾರಿಗಳು ಮೈಕ್ ಇಲ್ಲದೆಯೂ ಹತ್ತು ನಿಮಿಷ ನಡೆಸುತ್ತಾರೆ, ಆ ಹೊತ್ತು ಫ್ಯಾನ್ ಸದ್ದೂ ಇರುವುದಿಲ್ಲ.