ಬಾಣಂತನಕ್ಕೆ ಬಂದ ಅಮ್ಮ ಊರಿಗೆ ಹೊರಟಾಗ ಕಾಡುವ ‘ನನ್ನ ಕೈಲಾಗಲ್ಲ’

ಪ್ರಶ್ನೆ: ಅಮೆರಿಕದಲ್ಲಿ ಮೊದಲ ಹೆರಿಗೆ ಆದವರಿಗೆ, ಅಮ್ಮ ವಾಪಸ್ ಹೊರಡೋ ಹೊತ್ತಿಗೆ ‘ಇಷ್ಟು ದಿನ ಮಗು ಸಾಕಿದ್ದು ಅಮ್ಮ, ನಾನು ಬರೀ ತಾಯಿಯ ವೇಷ ಹಾಕಿದ್ದೆ’ ಅನ್ನಿಸೋದು ಯಾಕೆ? ಏನು ಮಾಡಬೇಕು?

ಉತ್ತರ 1: ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸಿಗೋದು ಆರು ತಿಂಗಳು. ಮಗುವಿಗೆ ಊಟ ಶುರುವಾಗೋದು, ಹಲ್ಲು ಬರೋದು, ಡೇಕೇರ್‌ನ ಮೊದಲ ನೆಗಡಿ, ಎಲ್ಲ ಅದೇ ಸಮಯಕ್ಕೆ. ಕೆಲಸ ಹೊಸದಾಗೋದೂ ಆಸರೆ ಹೋಗೋದೂ ಒಂದೇ ವಾರ. ಅದನ್ನ ನಿಮ್ಮ ಅಸಾಮರ್ಥ್ಯ ಅಂದುಕೋಬೇಡಿ.

ಹೊರಡೋಕೆ ಮೂರು ವಾರ ಮುಂಚೆಯೇ ಕೆಲಸ ಕೈ ಬದಲಾಗಲಿ. ಮೊದಲ ವಾರ ಎಣ್ಣೆ-ನೀರು ನಿಮ್ಮದು, ಅಮ್ಮ ಪಕ್ಕದಲ್ಲಿ ಕೂತಿರಲಿ. ಎರಡನೇ ವಾರ ಊಟ, ರಾತ್ರಿ ಮಲಗಿಸೋದು. ಮೂರನೇ ವಾರ ದಿನಕ್ಕೆ ಮೂರು-ನಾಲ್ಕು ಗಂಟೆ ಅಮ್ಮ ಮನೇಲೇ ಇರಬಾರದು. ಪಾರ್ಕಿಗೋ ದೇವಸ್ಥಾನಕ್ಕೋ ಹೋಗಿಬರಲಿ. ಯಾಕಂದ್ರೆ ಕೆಡೋದು ಇಲ್ಲೇ: ಮಗು ಅತ್ತ ತಕ್ಷಣ ಅಜ್ಜಿ ಎತ್ತಿಕೊಂಡುಬಿಡ್ತಾರೆ, ನಿಮ್ಮ ಕೈಯಲ್ಲೂ ಅದು ಸುಮ್ಮನಾಗುತ್ತೆ ಅನ್ನೋದು ನಿಮಗೆ ತಿಳಿಯೋದೇ ಇಲ್ಲ.

ಅಮ್ಮನದು ಕೈ ಅಂದಾಜು. ಅವರಿರುವಾಗಲೇ ಅಳೆದು ಬರೆದಿಡಿ. ರಾಗಿ ಸರಿಗೆ 1 ಟೇಬಲ್ ಚಮಚ ಹಿಟ್ಟು, ಮುಕ್ಕಾಲು ಕಪ್ ನೀರಿನಿಂದ ಶುರು ಮಾಡಿ, ಬೇಕಾದ ಹದಕ್ಕೆ ತನ್ನಿ. ತಣ್ಣೀರಲ್ಲೇ ಕದಡಿ ಒಲೆಗಿಡಿ. ಬಿಸಿನೀರಿಗೆ ಹಿಟ್ಟು ಹಾಕಿದರೆ ಗಂಟು. ಮೊದಲ ದಿನ ಒಂದೆರಡು ಚಮಚ ಒಳಗೆ ಹೋದರೆ ಸಾಕು. ನಾಲಿಗೆಯಿಂದ ಹೊರಗೆ ದಬ್ಬೋದು ಆ ವಯಸ್ಸಿನ ಅಭ್ಯಾಸ, ನಿಮ್ಮ ಅಡುಗೆಯ ಮೇಲಿನ ತೀರ್ಪಲ್ಲ.

ಉತ್ತರ 2: ‘ವೇಷ’ ಅಂದಿದ್ದೀರಲ್ಲ, ಅದನ್ನೇ ಮನಃಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ 1978ರಲ್ಲಿ ‘ಇಂಪಾಸ್ಟರ್’ (ವೇಷಧಾರಿ) ಅನ್ನೋ ಭಾವನೆ ಅಂತ ವಿವರಿಸಿದ್ದು. ಒಳ್ಳೇದಾದರೆ ಬೇರೆಯವರ ಪುಣ್ಯ, ಕೆಟ್ಟರೆ ನನ್ನ ತಪ್ಪು ಅನ್ನೋ ಲೆಕ್ಕ.

ನಮ್ಮವರಿಗೆ ಇನ್ನೊಂದು ತೊಡಕು: ಡಾಕ್ಟರದೊಂದು ಕಾಯಿದೆ, ಅಜ್ಜಿಯದೊಂದು. ಎರಡರಲ್ಲೂ ನಪಾಸು ಅನ್ನಿಸುತ್ತೆ. ಬೇರ್ಪಡಿಸಿ. ಅಂಗಾತ ಮಲಗಿಸೋದು, ತೊಟ್ಟಿಲಲ್ಲಿ ಸಾಸಿವೆ ದಿಂಬು ಇಡದಿರೋದು, ಸಾಂಬ್ರಾಣಿ ಹೊಗೆ ಬೇಡ ಅನ್ನೋದು, ವರ್ಷ ತುಂಬೋವರೆಗೆ ಜೇನು ನೆಕ್ಕಿಸದಿರೋದು (ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆಯ ಭಯ), ಇವು ಚರ್ಚೆಗಿಲ್ಲ. ಎಣ್ಣೆ ಯಾವುದು, ದಿನಾ ನೀರು ಹಾಕಬೇಕೋ ಬೇಡವೋ, ಇದೆಲ್ಲ ನಿಮ್ಮಿಷ್ಟ.

ವಿಡಿಯೋ ಕಾಲ್‌ನಲ್ಲಿ ಅಜ್ಜಿ ‘ಮಗು ಸೊರಗಿದೆ’ ಅಂದರೆ ಡಾಕ್ಟರ ಚಾರ್ಟ್‌ನಲ್ಲಿ ಬೆಳವಣಿಗೆಯ ಗೆರೆ ನೋಡಿ. ಮಗು 15ನೇ ಪರ್ಸೆಂಟೈಲ್‌ನಲ್ಲೇ (ಅಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ಅದಕ್ಕಿಂತ ಕಡಿಮೆ ತೂಕ) ಸ್ಥಿರವಾಗಿ ಬೆಳೀತಿದ್ದರೆ ಅದು ಅದರ ಮೈಕಟ್ಟು. ಗೆರೆ ಮೇಲಿಂದ ಕೆಳಗೆ ಇಳೀತಾ ಹೋದರೆ ಡಾಕ್ಟರಿಗೆ ತೋರಿಸಿ. ಎದೆಹಾಲಿನ ಮಕ್ಕಳು ಮೂರ್ನಾಲ್ಕು ತಿಂಗಳ ನಂತರ ನಿಧಾನವಾಗಿ ತೂಕ ಹಾಕೋದು ಸಹಜ.

ಉತ್ತರ 3: ಒಂದು ಮಾತು ಸೇರಿಸಬೇಕು. ಹೆರಿಗೆಯಾದ ಎರಡು ವಾರ ಕಳೆದ ಮೇಲೂ ಅಳು, ಮಗು ಮಲಗಿದರೂ ನಿದ್ದೆ ಬಾರದಿರೋದು, ಏನೂ ಬೇಡ ಅನ್ನಿಸೋದು ಇದ್ದರೆ ಅದು ಬರೀ ಅಳುಕಲ್ಲ, ಖಿನ್ನತೆ ಇರಬಹುದು. ಹೆರಿಗೆ ನಂತರದ ಖಿನ್ನತೆ ಗುರುತಿಸೋಕೆ ಮಕ್ಕಳ ಡಾಕ್ಟರ ಹತ್ತಿರ ಕೊಡುವ ಎಡಿನ್‌ಬರೋ ಪ್ರಶ್ನೆಪಟ್ಟಿಯಲ್ಲಿ 10 ಪ್ರಶ್ನೆ, ಕಳೆದ 7 ದಿನಗಳ ಬಗ್ಗೆ, ಒಟ್ಟು 30 ಅಂಕ. ಪಕ್ಕದಲ್ಲಿ ಮನೆಯವರಿದ್ದಾರೆ ಅಂತ ಎಲ್ಲದಕ್ಕೂ ‘ಚೆನ್ನಾಗಿದ್ದೀನಿ’ ಅಂತ ಗುರುತು ಹಾಕಬೇಡಿ. ಒಬ್ಬರೇ ಕೂತು ತುಂಬಿ. 13 ಅಥವಾ ಹೆಚ್ಚು ಬಂದರೆ ಡಾಕ್ಟರ ಹತ್ತಿರ ಮಾತಾಡಲೇಬೇಕು. ಹತ್ತನೇ ಪ್ರಶ್ನೆ, ತನಗೇ ಅಪಾಯ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಏನೇ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಹೇಳಿ. ಅಮೆರಿಕದ ತಾಯಂದಿರ ಸಹಾಯವಾಣಿ 1-833-852-6262 ಹಗಲೂ ರಾತ್ರಿ ಉಚಿತ, ದುಭಾಷಿ ಬೇಕೆಂದರೆ ಕೇಳಬಹುದು.