ವಾಟ್ಸಾಪ್‌ನಲ್ಲಿ ಬಂದ ಅಜ್ಜಿಯ ಹಾಡನ್ನು ಎಂಪಿ3 ಮಾಡುವುದು ಹೇಗೆ?

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಸರ್. ನಮ್ಮಜ್ಜಿ ಹೇಳಿದ ಸೋಬಾನೆ ಪದಗಳನ್ನು ಚಿಕ್ಕಮ್ಮ ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ದಾರೆ. ಪೆನ್‌ಡ್ರೈವ್‌ಗೆ ಹಾಕಿದರೆ ಕಾರಿನ ಸ್ಟೀರಿಯೊದಲ್ಲಿ ಕಾಣಿಸುವುದೇ ಇಲ್ಲ. ಫೈಲ್ ಹೆಸರಿನ ಕೊನೆಯಲ್ಲಿ ‘ಓಪಸ್’ ಅಂತ ಇದೆ. ತಮ್ಮ ಅದನ್ನು ಅಳಿಸಿ ‘ಎಂಪಿ3’ ಅಂತ ಬರೆದ. ಈಗ ಹೆಸರು ಕಾಣುತ್ತದೆ, ಹಾಡು ಬರುವುದಿಲ್ಲ.

ಉತ್ತರ (ಹಾಸನ, ರೆಕಾರ್ಡಿಂಗ್ ಕೆಲಸ): ಹೆಸರು ಬದಲಿಸಿದರೆ ಒಳಗಿರುವುದು ಬದಲಾಗುವುದಿಲ್ಲ ಮೇಡಂ. ಓಪಸ್ ಒಳ್ಳೆಯ ಫಾರ್ಮ್ಯಾಟೇ. ಕಡಿಮೆ ಡೇಟಾದಲ್ಲಿ ಮಾತು ಸ್ಪಷ್ಟವಾಗಿ ಬರುತ್ತದೆ. ಆದರೆ ಎಷ್ಟೋ ಕಾರ್ ಸ್ಟೀರಿಯೊಗಳಿಗೆ ಅದನ್ನು ಓದಲು ಬರುವುದಿಲ್ಲ.

ಕಂಪ್ಯೂಟರಿನಲ್ಲಿ ವಿಎಲ್‌ಸಿ ಹಾಕಿಕೊಳ್ಳಿ, ಉಚಿತ. ‘ಮೀಡಿಯಾ’ ಮೆನುವಿನಲ್ಲಿ ‘ಕನ್ವರ್ಟ್/ಸೇವ್’ ಇದೆ. ಫೈಲ್ ಸೇರಿಸಿ, ಪ್ರೊಫೈಲ್‌ನಲ್ಲಿ ‘ಆಡಿಯೊ ಎಂಪಿ3’ ಆರಿಸಿ, ಹೊಸ ಹೆಸರು ಕೊಟ್ಟು ಸ್ಟಾರ್ಟ್ ಒತ್ತಿ. ಒಬ್ಬರೇ ಹಾಡಿದ್ದಕ್ಕೆ 128 ಕೆಬಿಪಿಎಸ್ (ಒಂದು ಸೆಕೆಂಡಿನ ಸದ್ದಿಗೆ ಬಳಸುವ ಡೇಟಾದ ಅಳತೆ) ಧಾರಾಳ ಸಾಕು. 320 ಇಟ್ಟರೆ ಫೈಲ್ ದೊಡ್ಡದಾಗುತ್ತದೆ ಅಷ್ಟೇ.

ಆಮೇಲೂ ಕಾಣಿಸದಿದ್ದರೆ ಪೆನ್‌ಡ್ರೈವ್ ನೋಡಿ. ಹಲವು ಸ್ಟೀರಿಯೊಗಳು ಫ್ಯಾಟ್32 (ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಒಂದು ವಿಧಾನ) ಆಗಿ ಫಾರ್ಮ್ಯಾಟ್ ಮಾಡಿದ್ದನ್ನು ಮಾತ್ರ ಓದುತ್ತವೆ.

ಓಪಸ್ ಫೈಲ್‌ಗಳನ್ನು ದಯವಿಟ್ಟು ಅಳಿಸಬೇಡಿ. ಎಂಪಿ3 ಮಾಡುವಾಗ ಪ್ರತಿ ಸಲವೂ ಸ್ವಲ್ಪ ಸದ್ದು ಕಳೆದುಹೋಗುತ್ತದೆ. ಮುಂದೆ ಬೇರೆ ಫಾರ್ಮ್ಯಾಟ್ ಬೇಕಾದರೆ ಎಂಪಿ3ಯಿಂದ ಮಾಡದೆ, ಮತ್ತೆ ಓಪಸ್‌ನಿಂದಲೇ ಮಾಡಿ.

ಪ್ರಶ್ನೆ (ಮೂಡಿಗೆರೆ): ಆನ್‌ಲೈನ್‌ನಲ್ಲಿ ಮಾಡುವ ಸೈಟ್‌ಗಳಿವೆಯಲ್ಲ ಸರ್?

ಉತ್ತರ: ಇವೆ, ಕೆಲಸವೂ ಆಗುತ್ತದೆ. ಆದರೆ ಮನೆಯವರ ದನಿಯನ್ನು ಯಾರದೋ ಸರ್ವರ್‌ಗೆ ಕಳಿಸುವುದು ಯಾಕೆ? ಅಜ್ಜಿ ಈಗಲೂ ಹಾಡುತ್ತಾರಾದರೆ ಇನ್ನೊಂದು ಮಾತು. ಫೋನಿನ ರೆಕಾರ್ಡರ್ ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿ, ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲು ಚಿಕ್ಕಮ್ಮನಿಗೆ ಹೇಳಿ. ಫೈಲ್ ಇದ್ದ ಹಾಗೇ ಬರುತ್ತದೆ. ವಾಯ್ಸ್ ಮೆಸೇಜ್‌ಗಿಂತ ಎಷ್ಟೋ ಚೆನ್ನಾಗಿರುತ್ತದೆ. ಫ್ಯಾನ್ ಆಫ್ ಮಾಡಿ ಕೂರಿಸಿ, ಇದನ್ನು ಆದಷ್ಟು ಬೇಗ ಮಾಡಿ.

ಪ್ರಶ್ನೆ (ಆಲೂರು): ಅಣ್ಣಾ, ನಮ್ಮೂರ ಕೋಲಾಟದ 60 ನಿಮಿಷದ ಕ್ಯಾಸೆಟ್ ಇದೆ. ಅದರಿಂದ ಎಂಪಿ3 ಮಾಡಿಸಿದ್ದೆವು, ದನಿ ಮಂಕಾಗಿದೆ. ಅದನ್ನು ವೇವ್ ಮಾಡಿದರೆ ಕ್ಲಿಯರ್ ಆಗುತ್ತಾ?

ಉತ್ತರ: ಇಲ್ಲ ತಮ್ಮಾ. ವೇವ್ ಅಂದರೆ ಸದ್ದನ್ನು ಕುಗ್ಗಿಸದೆ ಇಡುವ ಫಾರ್ಮ್ಯಾಟ್ ಅಷ್ಟೇ. ಹೋದ ಸದ್ದು ವಾಪಸ್ ಬರುವುದಿಲ್ಲ, ಫೈಲ್ ಸುಮ್ನೆ ಹತ್ತು ಪಟ್ಟು ದೊಡ್ಡದಾಗುತ್ತದೆ. ಕ್ಯಾಸೆಟ್ ಇನ್ನೂ ಇದೆಯಲ್ವಾ? ಅದರಿಂದಲೇ ಮತ್ತೆ ತೆಗೆಸಿ. ಈ ಸಲ ಮೊದಲು ವೇವ್ ಆಗಿ, 44.1 ಕಿಲೋಹರ್ಟ್ಸ್, 16 ಬಿಟ್ ಇಟ್ಟು. ಸ್ಟೀರಿಯೊ (ಎರಡು ಚಾನೆಲ್) ರೆಕಾರ್ಡಿಂಗ್ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ, ಒಟ್ಟು 600 ಎಂಬಿ ಆದೀತು. ಜಾಗ ಕಡಿಮೆ ಇದ್ದರೆ ಫ್ಲ್ಯಾಕ್ ಮಾಡಿ ಇಡಿ. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಸದ್ದು ಒಂಚೂರೂ ಹೋಗುವುದಿಲ್ಲ. ಹಂಚುವುದಕ್ಕೆ ಅದರಿಂದ ಎಂಪಿ3 ತೆಗೆದರಾಯಿತು, 128ರಲ್ಲಿ 60 ಎಂಬಿ ಒಳಗೇ ಬರುತ್ತದೆ.

ಪ್ಲೇಯರ್‌ಗೆ ಹಾಕುವ ಮೊದಲು ಕಿಟಕಿ ಬೆಳಕಿನಲ್ಲಿ ಟೇಪ್ ನೋಡಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಹಿಡಿದಿದ್ದರೆ ಓಡಿಸಬೇಡಿ, ಹೆಡ್ಡಿಗೆ ಮೆತ್ತಿಕೊಂಡು ಟೇಪೂ ಹಾಳಾಗಬಹುದು. ಮೊದಲು ಗೊತ್ತಿದ್ದವರ ಹತ್ತಿರ ಕ್ಲೀನ್ ಮಾಡಿಸಿ.